ಬಂಟ್ವಾಳಕ್ಕೆ ಹೋಗುತ್ತಿದ್ದ ಮೆಸೇಜು

ಮೂಡುಬಿದಿರೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಬಸದಿಯ ಕಂಬಗಳನ್ನೆಲ್ಲ ಎಣಿಸಿ ಮುಗಿದ ಮೇಲೆ, ಈ ಒಂದು ಸಂಗತಿಗೂ ಜಾಗ ಕೊಡಬೇಕಾಗುತ್ತದೆ: ಫೆಬ್ರವರಿಯ ಒಂದು ಸೋಮವಾರ ಮಧ್ಯಾಹ್ನ ಮುತ್ತಕ್ಕ ಊಟ ಮುಗಿಸಿ ಎದ್ದರು, ಪದಾರ್ಥಕ್ಕೆ ಉಪ್ಪು ಕಮ್ಮಿ ಎಂದು ಹೇಳಲಿಲ್ಲ.

ಮುತ್ತಕ್ಕನಿಗೆ ಎಂಬತ್ತು ದಾಟಿದೆ. ಸೊಸೆ ಜಲಜಾಕ್ಷಿ ಆ ಮನೆಯ ಒಲೆ ಹಿಡಿದ ದಿನದಿಂದ, ಎರಡನೆಯ ತುತ್ತು ಗಂಟಲಿಗೆ ಇಳಿಯುವ ಮೊದಲೇ, ಅವರು ಆ ಮಾತು ಹೇಳುತ್ತ ಬಂದಿದ್ದರು. ಉಪ್ಪು ಸರಿಯಾಗಿದ್ದ ದಿನವೂ ಹೇಳುತ್ತಿದ್ದರು. ಹೆಚ್ಚಾದ ದಿನ ಮಾತ್ರ "ಇವತ್ತು ಅಡ್ಡಿಯಿಲ್ಲ" ಎನ್ನುತ್ತಿದ್ದರು. ಗಂಡ ತೀರಿಕೊಂಡು ಬೊಜ್ಜ ಮಾಡಿದ ದಿನದ ಊಟದಲ್ಲೂ ಹೇಳಿದ್ದರು, ಆಮೇಲೆ ಅತ್ತಿದ್ದರು. ಅಂಥವರು ಬಾಯಿ ತೊಳೆದು, ಸೆರಗಿಗೆ ಕೈ ಒರೆಸಿ, "ನೀನೂ ಉಣ್ಣು, ತಡ ಆಯ್ತು" ಎಂದು ಹೊರಟುಹೋದಾಗ ಜಲಜಾಕ್ಷಿ ಸೌಟಿನಲ್ಲಿ ಪದಾರ್ಥ ತೆಗೆದು ತಾನೇ ರುಚಿ ನೋಡಿದಳು.

ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವಳೂ ಗಂಡ ರುಕ್ಮಯ್ಯ ಶೆಟ್ಟರೂ ಕಾಲೇಜು ಮಕ್ಕಳಿಗೆ ಊಟದ ಮೆಸ್ ನಡೆಸುತ್ತಿದ್ದರು. ಕೆಳಗೆ ಮೆಸ್, ಮೇಲೆ ಮನೆ. ರಾಯಚೂರಿನಿಂದ, ಬೀದರಿನಿಂದ ಬಂದ ಹುಡುಗರು ಮೊದಲ ವಾರ ಕುಚ್ಚಲಕ್ಕಿ ಅನ್ನವನ್ನು ಔಷಧಿಯ ಹಾಗೆ ನೋಡುತ್ತಿದ್ದರು. ಪರೀಕ್ಷೆ ಹತ್ತಿರ ಬರುವಾಗ ಮತ್ತೆ ಮತ್ತೆ ಬಡಿಸಿಕೊಳ್ಳುತ್ತಿದ್ದರು. ಅಡಿಗೆ ಜಲಜಾಕ್ಷಿಯದು, ಗಲ್ಲಾ ರುಕ್ಮಯ್ಯರದು. ಮಗಳು ನಿಖಿತಾ ಫಿಸಿಯೋಥೆರಪಿ ಓದಿ ಊರಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು. ಬೆಳ್ತಂಗಡಿಯ ಉಜ್ವಲನೊಂದಿಗೆ ಅವಳ ನಿಶ್ಚಿತಾರ್ಥ ಜನವರಿಯಲ್ಲಿ ಆಗಿತ್ತು. ಮದುವೆ ಏಪ್ರಿಲಿನಲ್ಲಿ.

ಎರಡು ವರ್ಷದ ಹಿಂದೆ ಜಲಜಾಕ್ಷಿಗೆ ತೆಂಗಿನಕಾಯಿ ಕರಕಲಾದ ವಾಸನೆ ಬರತೊಡಗಿತ್ತು. ಒಲೆ ಆರಿದ್ದಾಗಲೂ ಬರುತ್ತಿತ್ತು, ದೇವಸ್ಥಾನದಲ್ಲೂ ಬರುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಆ ವಾಸನೆ ಬಂದಾಗ ಡ್ರೈವರನಿಗೆ ನಿಲ್ಲಿಸಲು ಹೇಳಿದ್ದಳು. ಮಂಗಳೂರಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಈ ವಾಸನೆ ಒಲೆಯದ್ದಲ್ಲ, ಬಲಗಿವಿಯ ಮೇಲ್ಭಾಗದಲ್ಲಿ ತಲೆಯೊಳಗೆ ಬೆಳೆದ ಗಡ್ಡೆಯದ್ದು ಎಂದರು. ಗಡ್ಡೆ ತೆಗೆದರು. ಕ್ಯಾನ್ಸರ್ ಎಂದರು. ಇದು ಮರಳಿ ಬರುವ ಜಾತಿ; ಚಿಕ್ಕದಿರುವಾಗ ಸಿಕ್ಕಿದರೆ ಮತ್ತೆ ತೆಗೆಯಬಹುದು, ತಡವಾದರೆ ಕಷ್ಟ ಎಂದೂ ಹೇಳಿದರು. ಅದೇ ಆಸ್ಪತ್ರೆಯಲ್ಲಿ ಆಗ ಹೊಸ ಸಾಧನವೊಂದರ ಪ್ರಯೋಗ ನಡೆಯುತ್ತಿತ್ತು. ಹುಣಸೆಬೀಜದಷ್ಟು ದೊಡ್ಡದು. ಗಡ್ಡೆ ತೆಗೆದ ಜಾಗದಲ್ಲಿ ಅದನ್ನು ಕೂರಿಸಿದರೆ, ಅಲ್ಲಿ ತುಂಬುವ ನೀರಿನಲ್ಲಿ ಕ್ಯಾನ್ಸರಿನ ಸುಳಿವು ಕಂಡ ಕೂಡಲೇ ತಿಳಿಸುತ್ತದೆ. ಜಲಜಾಕ್ಷಿ ಆಗಲಿ ಎಂದಿದ್ದಳು.

ಪ್ರತಿ ಶುಕ್ರವಾರ, ಬೆಳಗಿನ ಇಡ್ಲಿ ಮುಗಿದು ಮಧ್ಯಾಹ್ನದ ಅಕ್ಕಿ ಒಲೆಗೇರುವ ಮೊದಲು, ಅವಳು ಸ್ಟೂಲಿನ ಮೇಲೆ ಕೂತು ಕಿವಿಯ ಹಿಂದೆ ಒಂದು ಬಿಲ್ಲೆಯನ್ನು ಒತ್ತಿ ಹಿಡಿಯುತ್ತಿದ್ದಳು. ಪಕ್ಕದ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತುತ್ತಿತ್ತು. ಹಸಿರು ಎಂದರೆ ಒಳಗಿನ ಸುದ್ದಿ ಆಸ್ಪತ್ರೆಗೆ ಹೋಯಿತು ಎಂದಷ್ಟೇ. ಸುದ್ದಿ ಒಳ್ಳೆಯದು ಎಂದಲ್ಲ. ಮುತ್ತಕ್ಕ ಇದಕ್ಕೆ ಮಂಡೆಯ ಮೀಟರ್ ಎಂದು ಹೆಸರಿಟ್ಟಿದ್ದರು. ತಿಂಗಳಿಗೊಮ್ಮೆ ಓದಲಿಕ್ಕೆ ಯಾರೂ ಮನೆಗೆ ಬರುವುದಿಲ್ಲವಲ್ಲ ಎಂಬುದು ಅವರ ಸಮಾಧಾನ. ಫಲಿತಾಂಶ ಮೊಬೈಲಿಗೆ ಬರುತ್ತಿತ್ತು. ಒಬ್ಬಳೇ ಇರುವಾಗ ಓದಿ ರೋಗಿ ಕಂಗಾಲಾಗಬಾರದೆಂದು, ಮನೆಯಲ್ಲಿ ಜವಾಬ್ದಾರರು ಯಾರೋ ಅವರ ನಂಬರಿಗೆ.

ಯಾರ ನಂಬರು ಎಂದು ಆಸ್ಪತ್ರೆಯ ಹುಡುಗಿ ಕೇಳಿದಾಗ ರುಕ್ಮಯ್ಯ ಶೆಟ್ಟರು ಜೇಬಿಗೆ ಕೈ ಹಾಕಿದ್ದೂ ಆಗಿತ್ತು. ಜಲಜಾಕ್ಷಿ ಅಣ್ಣನ ನಂಬರು ಹೇಳಿದಳು.

ಅವರ ಜನರಲ್ಲಿ ಇದು ವಿಶೇಷವೇನಲ್ಲ. ಅಳಿಯಕಟ್ಟು, ಅಂದರೆ ಅಳಿಯಸಂತಾನದ ಪದ್ಧತಿ, ಕಾಯಿದೆಯ ಪುಸ್ತಕದಿಂದ ಎದ್ದುಹೋಗಿ ಎಷ್ಟೋ ಕಾಲವಾಯಿತು. ಮನುಷ್ಯರಿಂದ ಪೂರ್ತಿ ಎದ್ದುಹೋಗಿಲ್ಲ. ಹೆಂಗಸಿನ ಕುಟುಂಬ ಎಂದರೆ ತಾಯಿಯ ಕಡೆಯದು. ಮದುವೆ, ಜಗಳ, ದೈವದ ಕೆಲಸ ಯಾವುದಕ್ಕೂ ಕೊನೆಯ ಮಾತು ಅಣ್ಣನದು. ಬಂಟ್ವಾಳದಲ್ಲಿ ಅಕ್ಕಿ ಮಿಲ್ಲು ಇಟ್ಟುಕೊಂಡಿದ್ದ ಈ ಅಣ್ಣ ಮುಂಡಪ್ಪ ಶೆಟ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಎಂಬ ಹೆಸರೂ ಇತ್ತು. ತಾಯಿ ಹಾಸಿಗೆ ಹಿಡಿದಾಗ ನೆಂಟರೆಲ್ಲ ಗುಣವಾಗ್ತದೆ ಎಂದು ಹೇಳಿ ಚಾ ಕುಡಿದು ಹೋಗುತ್ತಿದ್ದರು. ಇವರೊಬ್ಬರು ಮಂಚದ ಅಂಚಿನಲ್ಲಿ ಕೂತು, ಗುಣವಾಗುವುದಿಲ್ಲ ಅಮ್ಮ ಎಂದಿದ್ದರು. ತಾಯಿ ಮಕ್ಕಳನ್ನೆಲ್ಲ ಕರೆಸಿ, ಮಾತಾಡಿ, ಯಾರ ಮೇಲೂ ಮುನಿಸಿಲ್ಲದೆ ಹೋಗಿದ್ದರು.

"ಇವರು ಹೆದರಿ ಮುಚ್ಚಿಡ್ತಾರೆ," ಎಂದು ಜಲಜಾಕ್ಷಿ ಆಸ್ಪತ್ರೆಯ ಹುಡುಗಿಯ ಎದುರೇ ಗಂಡನನ್ನು ತೋರಿಸಿದ್ದಳು. "ಅಣ್ಣ ಆದ್ರೆ ಮುಖಕ್ಕೇ ಹೇಳ್ತಾರೆ."

ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಮುಂಡಪ್ಪರ ಫೋನು ಬರುತ್ತಿತ್ತು. ಸರಿ ಉಂಟು ಜಲಜಾ ಎನ್ನುವುದು, ಆಮೇಲೆ ಅಕ್ಕಿ ಹೇಗೆ ಬೇಯುತ್ತದೆ, ಮಕ್ಕಳು ಏನೆನ್ನುತ್ತಾರೆ ಎಂದು ಉದ್ದಕ್ಕೆ ವಿಚಾರಿಸುವುದು. ಮಂಡೆ ಮಲಗುವುದು ಮೂಡುಬಿದಿರೆಯಲ್ಲಿ, ಮೆಸೇಜು ಹೋಗುವುದು ಬಂಟ್ವಾಳಕ್ಕೆ ಎಂಬುದು ರುಕ್ಮಯ್ಯರ ಎರಡು ವರ್ಷದ ಗೊಣಗಾಟ.

ಮುತ್ತಕ್ಕ ಉಪ್ಪಿನ ವಿಷಯ ಕೈಬಿಟ್ಟ ಮೇಲೆ ಒಳ್ಳೆಯತನ ಆ ಮನೆಯಲ್ಲಿ ಕೆಮ್ಮಿನ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡಿತು. ಮೀನು ಮಾರ್ಕೆಟಿನಲ್ಲಿ ಅಗ್ಗದ ಬೂತಾಯಿಯಿಂದ ಮೇಲಕ್ಕೆ ಕಣ್ಣೆತ್ತದ ರುಕ್ಮಯ್ಯರು ದುಬಾರಿ ಅಂಜಲ್ ಹಿಡಿದುಕೊಂಡು ಬಂದರು. ಬೆಳಿಗ್ಗೆ ಎದ್ದು ತೆಂಗಿನಕಾಯಿ ತುರಿದುಕೊಟ್ಟರು. ಸಿಪ್ಪೆಯೂ ಕರಟದ ಚೂರೂ ಅದರಲ್ಲಿ ಇದ್ದವು, ಆದರೂ ತುರಿದದ್ದು ತುರಿದದ್ದೇ. ತನ್ನ ಬಟ್ಟಲು ತೊಳೆಯಲೂ ಕರೆಯಬೇಕಾಗಿದ್ದ ನಿಖಿತಾ ಎಲ್ಲರ ಬಟ್ಟಲು ತೊಳೆದಳು. ಮದುವೆ ಸೀರೆಗೆಂದು ಮಂಗಳೂರಿಗೆ ಹೋದಾಗ ತಾಯಿ ತೋರಿಸಿದ ಮೊದಲನೆಯ ಸೀರೆಗೇ ಹೂಂ ಎಂದಳು. ತಾಯಿಗೆ ಅಲ್ಲಿಯೇ ಬೆವರಿತು. ಮುಂಡಪ್ಪರ ಶುಕ್ರವಾರದ ಫೋನು ತಪ್ಪಲಿಲ್ಲ. ಸರಿ ಉಂಟು ಜಲಜಾ ಎನ್ನುತ್ತಿದ್ದರು. ಅಕ್ಕಿಯ ವಿಷಯ ಕೇಳದೆ ಇಟ್ಟುಬಿಡುತ್ತಿದ್ದರು.

ಹೀಗೆ ಕೆಲವು ವಾರ ಕಳೆದವು. ಯಾರೂ ತನ್ನ ಜೊತೆ ಜಗಳಕ್ಕೆ ಬರುವುದಿಲ್ಲ ಎಂಬುದು ಜಲಜಾಕ್ಷಿಗೆ ಹಲ್ಲುನೋವಿನಂತೆ ಕಾಡತೊಡಗಿತು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಇನ್ನಷ್ಟು ಒಳ್ಳೆಯವರಾಗುತ್ತಾರೆ ಎಂದು ಅವಳಿಗೆ ಅನ್ನಿಸಿತ್ತು. ಮಾರ್ಚ್ ತಿಂಗಳ ಒಂದು ಭಾನುವಾರ, ಮೆಸ್ಸಿಗೆ ರಜೆಯ ದಿನ, ಮನೆಯವರಿಗೆಂದು ಸಿಗಡಿ ಹಾಕಿ ಬಸಳೆ ಪದಾರ್ಥ ಮಾಡಿದಳು. ಅದಕ್ಕೆ ಒಂದು ಹರಳು ಉಪ್ಪೂ ಹಾಕಲಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಮೇಲಿನ ಕಪಾಟಿಗೆ ಸೇರಿಸಿದಳು. ಹಪ್ಪಳ ಕರಿಯಲಿಲ್ಲ. ಆಮೇಲೆ ಎಲ್ಲರನ್ನೂ ಊಟಕ್ಕೆ ಕರೆದಳು.

ರುಕ್ಮಯ್ಯರು ಕಲಸಿ ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ಮತ್ತೆ ಅಗಿದರು. ಮುತ್ತಕ್ಕ ಎರಡನೆಯ ತುತ್ತಿಗೆ ಬಾಯಿ ತೆರೆದವರು ಅದನ್ನು ಅನ್ನದಿಂದಲೇ ಮುಚ್ಚಿದರು. ಜಲಜಾಕ್ಷಿ ಎಲ್ಲರಿಗೂ ಇನ್ನೊಂದು ಸೌಟು ಬಡಿಸಿದಳು. ಯಾರೂ ಬೇಡ ಎನ್ನಲಿಲ್ಲ.

"ಲಾಯ್ಕ ಆಗಿದೆ ಅಮ್ಮ," ಎಂದಳು ನಿಖಿತಾ.

ಅಷ್ಟು ಸಾಕಾಯಿತು. ಜಲಜಾಕ್ಷಿ ಒಳಗೆ ಹೋಗಿ, ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ನಿಂತುಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಮುತ್ತಕ್ಕ ತಮ್ಮ ಬಟ್ಟಲು ಹಿಡಿದುಕೊಂಡು ಅಲ್ಲಿಗೆ ಬಂದರು. ಪೂರ್ತಿ ಉಂಡು ಬಳಿದಿದ್ದರು.

"ಮಾಮಿ, ಉಪ್ಪು ಹೇಗಿತ್ತು?"

"ಸರಿ ಇತ್ತು."

"ನಾನು ಹಾಕಲೇ ಇಲ್ಲ."

ಮುತ್ತಕ್ಕ ಬಟ್ಟಲನ್ನು ತೊಟ್ಟಿಯಲ್ಲಿ ಬಿಟ್ಟು ಮಣೆಯ ಮೇಲೆ ಕೂತರು. "ಹೇಳಬಾರದು ಅಂತ ಹೇಳಿದ್ದಾರೆ ನನಗೆ."

"ಉಪ್ಪಿನ ವಿಷಯವಾ?"

"ಎಲ್ಲ ವಿಷಯವೂ," ಎಂದರು ಮುತ್ತಕ್ಕ. ಆಮೇಲೆ ಎಲ್ಲವನ್ನೂ ಹೇಳಿದರು. ಮಂಡೆಯ ಮೀಟರಿನಲ್ಲಿ ಕೆಟ್ಟದ್ದು ಕಂಡಿದೆ ಎಂದು ನಿಶ್ಚಿತಾರ್ಥ ಆದ ಸ್ವಲ್ಪ ದಿನದಲ್ಲಿ ಬಂಟ್ವಾಳಕ್ಕೆ ಮೆಸೇಜು ಬಂದದ್ದು. ಕೂಡಲೇ ಕರೆತನ್ನಿ ಎಂದು ಆಸ್ಪತ್ರೆಯವರು ಹೇಳಿದ್ದು. ಮುಂಡಪ್ಪರು ರುಕ್ಮಯ್ಯರನ್ನೂ ನಿಖಿತಾಳನ್ನೂ ಬಿ.ಸಿ. ರೋಡಿನ ಹೋಟೆಲಿಗೆ ಕರೆಸಿ, ಮದುವೆ ಮುಗಿಯುವವರೆಗೆ ಸುಮ್ಮನಿರುವ ಎಂದದ್ದು. ಅತ್ತೆ ಸೊಸೆ ಜಗಳವಾಗಿ ಅವಳ ಮಂಡೆ ಬಿಸಿಯಾಗಬಾರದೆಂದು ಮಗ ತಮಗೂ ತಿಳಿಸಿದ್ದು. "ನಾನು ಬೇಡ ಅಂದೆ," ಎಂದರು ಕೊನೆಗೆ. ಆಮೇಲೆ, "ಜೋರಾಗಿ ಹೇಳಲಿಲ್ಲ," ಎಂದು ಸೇರಿಸಿದರು.

ಮರುದಿನ ಗಲ್ಲಾದಲ್ಲಿ ಕೂತ ಗಂಡನನ್ನು ಜಲಜಾಕ್ಷಿ ಕೇಳಿದಳು. ಅವರು ಮೊದಲು ಅವಳ ಅಣ್ಣನೇ ಹಾಗೆ ಹೇಳಿದ್ದು ಎಂದರು. ಆಮೇಲೆ, ನನ್ನ ನಂಬರು ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಎರಡು ವರ್ಷದ ವಾದ ಗೆದ್ದವರ ಸಣ್ಣ ನೆಮ್ಮದಿಯೂ ಇತ್ತು.

"ನಿಮ್ಮ ನಂಬರಿಗೆ ಬಂದಿದ್ದರೆ ಹೇಳ್ತಿದ್ದಿರಾ?"

ರುಕ್ಮಯ್ಯರು ಒಂದು ಊಟಕ್ಕೆ ಎರಡು ಕೂಪನ್ ಹರಿದು ಎದುರಿನ ಹುಡುಗನ ಕೈಗಿಟ್ಟರು. ಹುಡುಗ ಎರಡು ಊಟ ಮಾಡಿ ಹೋದ.

ಸಂಜೆ ಕೆಲಸ ಮುಗಿಸಿ ಬಂದ ಮಗಳಿಗೆ ಅವಳು ಚಾ ಕೊಟ್ಟು ಎದುರಿಗೆ ಕೂತಳು. ನಿಖಿತಾ ಸುಳ್ಳು ಹೇಳಲಿಲ್ಲ. ಹೇಳುವ ಅಗತ್ಯ ಮುಗಿದಿತ್ತು. ಮದುವೆಯ ಮರುವಾರವೇ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದ್ದೆವು, ನಾನೇ ರಜೆ ಹಾಕಿಟ್ಟಿದ್ದೇನೆ ಎಂದಳು.

"ಮೆಸೇಜಿನ ಅರ್ಥ ಎಂತ ಅಂತ ನಿನ್ನ ಅಪ್ಪನಿಗೆ ಗೊತ್ತಾಗುವುದಿಲ್ಲ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ತಡ ಆದ್ರೆ ಎಂತ ಆಗ್ತದೆ ಅಂತ?"

ನಿಖಿತಾ ಚಾದ ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸಿದಳು. "ಮಾವ ಹೇಳಿದ್ರು, ನಿನ್ನನ್ನು ಕೇಳಿದ್ರೂ ಮದುವೆ ಮೊದಲು ಆಗಲಿ ಅಂತಲೇ ನೀನು ಹೇಳ್ತಿದ್ದಿ ಅಂತ."

ಜಲಜಾಕ್ಷಿ ಮಂಗಳವಾರ ಮಧ್ಯಾಹ್ನದ ಅಡಿಗೆಯನ್ನು ಗಂಡನ ಕೈಗೆ ಬಿಟ್ಟು ಸಿದ್ಧಕಟ್ಟೆಯ ಮೇಲಿಂದ ಬಂಟ್ವಾಳಕ್ಕೆ ಹೋಗುವ ಬಸ್ಸು ಹತ್ತಿದಳು. ಅಂದು ಮೆಸ್ಸಿನಲ್ಲಿ ಉಂಡವರು ಅದನ್ನು ಬಹಳ ಕಾಲ ಮರೆಯಲಿಲ್ಲ. ಆದರೆ ಅದು ಬೇರೆ ವಿಷಯ.

ಬಂಟ್ವಾಳದ ಮಿಲ್ಲಿನ ಅಂಗಳದಲ್ಲಿ ಬೇಯಿಸಿದ ಭತ್ತ ಹರಡಿತ್ತು. ಮುಂಡಪ್ಪ ಶೆಟ್ಟರು ನೆರಳಿನಲ್ಲಿ ಕುರ್ಚಿ ಹಾಕಿ ಕೂತಿದ್ದರು. ತಂಗಿಯನ್ನು ಕಂಡು, ಅವಳ ಮುಖ ಕಂಡು, ಇನ್ನೊಂದು ಕುರ್ಚಿ ತರಿಸಿದರು. ಅವಳು ಕೂರಲಿಲ್ಲ. ಅವರು ಏನೂ ಆಗದವರಂತೆ ನಟಿಸಲಿಲ್ಲ. ಅಷ್ಟರ ಮಟ್ಟಿಗೆ ಅವರ ಹೆಸರು ಉಳಿಯಿತು. ತಮ್ಮ ಲೆಕ್ಕಾಚಾರವನ್ನು ನಿಧಾನವಾಗಿ ವಿವರಿಸಿದರು. ಉಜ್ವಲನ ಮನೆಯವರಿಗೆ ಮೊದಲಿನ ಆಪರೇಷನ್ನನ್ನು ಒಂದು ಸಣ್ಣ ಗಂಟು ಎಂದು ಹೇಳಿ ಆಗಿದೆ. ಈಗ ಅದು ಕ್ಯಾನ್ಸರ್, ಮರಳಿ ಬಂದಿದೆ ಎಂದರೆ ಅವರು ಮೊದಲು ನೋಡುವುದು ಹುಡುಗಿಯನ್ನು. ರಕ್ತ ಬರುವುದು ತಾಯಿಯ ಕಡೆಯಿಂದ ಎಂದು ನಂಬಿದ ಜನ ನಾವು. ಅವರೂ ನಮ್ಮ ಜನವೇ.

"ನಿನ್ನ ಮಗಳಿಗೋಸ್ಕರ ಮಾಡಿದ್ದು ಜಲಜಾ. ನನಗೆ ಇದರಲ್ಲಿ ಎಂತ ಉಂಟು?"

"ಅಮ್ಮನಿಗೆ ಹೇಳಿದ್ದಿರಿ ನೀವು. ಮುಖಕ್ಕೇ."

"ಅಮ್ಮನದ್ದು ಬೇರೆ. ಅವರಿಗೆ ಮಾಡ್ಲಿಕ್ಕೆ ಏನೂ ಉಳಿದಿರಲಿಲ್ಲ."

"ನನಗೆ ಮಾಡ್ಲಿಕ್ಕೆ ಇತ್ತು. ಅದಕ್ಕೇ ಹೇಳಲಿಲ್ಲವಾ ಅಣ್ಣ?"

ಮುಂಡಪ್ಪರು ಭತ್ತಕ್ಕೆ ಬಂದ ಕಾಗೆಯನ್ನು ಓಡಿಸಿದರು. "ಕೇಳಿದ್ದರೆ ನೀನು ಹೂಂ ಅಂತಿದ್ದೆ. ಆ ಮಾತನ್ನು ನಿನ್ನ ಬಾಯಿಂದ ಯಾಕೆ ಆಡಿಸುವುದು ಅಂತ..."

"ಹೂಂ ಅಂತಿದ್ದೆನೋ ಏನೋ," ಎಂದಳು ಜಲಜಾಕ್ಷಿ. "ಅದು ನನ್ನ ಹೂಂ ಅಲ್ವಾ?"

ಮಿಲ್ಲಿಗೆ ತಾಗಿದ ಮನೆಯಿಂದ ಅತ್ತಿಗೆ ಚಾ ತಂದಿಟ್ಟರು. ಅದನ್ನು ಮುಟ್ಟದೆ ಅವಳು ಹೊರಟಳು. ಹುಟ್ಟಿದ ಮನೆಯಲ್ಲಿ ನೀರು ಸಹ ಕುಡಿಯದೆ ಹೊರಟದ್ದು ಅದೇ ಮೊದಲು. ಮರುದಿನ ಎಂದಿನಂತೆ ಮಿಲ್ಲಿನ ಪಿಕಪ್ಪಿನಲ್ಲಿ ಅಕ್ಕಿ ಬಂತು. ಮೆಸ್ಸಿನಲ್ಲಿ ಅಕ್ಕಿ ಮುಗಿದಿತ್ತು, ಬೇಯಿಸಿದಳು.

ಮಂಗಳೂರಿಗೆ ಅವಳು ಒಬ್ಬಳೇ ಹೋದಳು. ಆಸ್ಪತ್ರೆಯ ಹುಡುಗಿ ಹೆಸರು ಕೇಳಿ ಕಂಪ್ಯೂಟರು ನೋಡಿ, "ಮುಂಬೈಯಿಂದ ಯಾವಾಗ ಬಂದ್ರಿ ಅಕ್ಕ?" ಎಂದಳು. ವಾರವಾರ ಬಂಟ್ವಾಳದ ನಂಬರಿಗೆ ಫೋನು ಮಾಡಿದ್ದೆವು, ನೀವು ತಂಗಿಯ ಬಾಣಂತನಕ್ಕೆ ಮುಂಬೈಗೆ ಹೋಗಿದ್ದೀರಿ ಎಂದು ನಿಮ್ಮ ಅಣ್ಣ ಹೇಳಿದ್ದರು ಎಂದು ವಿವರಿಸಿದಳು. ಜಲಜಾಕ್ಷಿಗೆ ತಂಗಿ ಇರಲಿಲ್ಲ. ಮುಂಬೈಯನ್ನು ಅವಳು ಟಿವಿಯಲ್ಲಿ ಕಂಡಿದ್ದಳು. ಮಿಲ್ಲಿನ ಅಂಗಳದಲ್ಲಿ ತಡೆದುಕೊಂಡವಳು ಇಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹೇಳದೆ ಇದ್ದದ್ದಕ್ಕೆ ಏನಾದರೊಂದು ಕಾರಣ ಕೊಡಬಹುದು; ಬಾಣಂತಿಯನ್ನೇ ಹುಟ್ಟಿಸಿದ್ದಕ್ಕೆ ಏನು ಹೇಳುವುದು?

ಸ್ಕ್ಯಾನ್ ನೋಡಿ ಡಾಕ್ಟರು ಸಮಾಧಾನದಿಂದಲೇ ಮಾತಾಡಿದರು. ಮೊದಲ ಮೆಸೇಜಿಗೆ ಬಂದಿದ್ದರೆ ಪೂರ್ತಿ ತೆಗೆಯಬಹುದಿತ್ತು. ಈಗ ಅದು ಒಳಗೆ ಬೇರುಬಿಡಲು ಹೊರಟಿದೆ. ಎಷ್ಟು ಸಾಧ್ಯವೋ ಅಷ್ಟು ತೆಗೆಯುವ, ಇನ್ನು ತಡ ಬೇಡ. ಕೆಲವು ಪರೀಕ್ಷೆಗಳಾಗಿ ಆಪರೇಷನ್ ಥಿಯೇಟರು ಸಿಗುವ ದಿನ ಹುಡುಕಿದರು. ಸಿಕ್ಕಿದ್ದು ಏಪ್ರಿಲಿನ ಒಂದು ಗುರುವಾರ. ನಿಖಿತಾಳ ಮದುವೆಯ ದಿನ.

"ಈ ದಿನ ಆಗಬಹುದಾ ಅಕ್ಕ?" ಎಂದು ಹುಡುಗಿ ಕೇಳಿದಳು.

"ಆಗಬಹುದು," ಎಂದಳು ಜಲಜಾಕ್ಷಿ. ಹೊರಡುವ ಮೊದಲು ಬಂಟ್ವಾಳದ ನಂಬರು ತೆಗೆಸಿ ತನ್ನದನ್ನು ಹಾಕಿಸಿದಳು.

ಮನೆಯಲ್ಲಿ ಇದನ್ನು ಕೇಳಿ ಮೊದಲು ಯಾರೂ ನಂಬಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಮುಂಡಪ್ಪರು ಬಂಟ್ವಾಳದಿಂದ ಕಾರು ಮಾಡಿಕೊಂಡು ಬಂದರು. ಆಸ್ಪತ್ರೆಯಲ್ಲಿ ಗುರುತಿನವರಿದ್ದಾರೆ, ಶನಿವಾರಕ್ಕೆ ಹಾಕಿಸುತ್ತೇನೆ ಎಂದರು. ಧಾರೆಗೆ ತಾಯಿ ಇಲ್ಲದಿದ್ದರೆ ಜನ ಏನೆಂದಾರು ಎಂದು ರುಕ್ಮಯ್ಯರು ಕೇಳಿದರು. ಜಲಜಾಕ್ಷಿ ಮರುದಿನಕ್ಕೆ ಹುರುಳಿ ಆರಿಸುತ್ತಿದ್ದಳು.

"ಎರಡು ದಿನ ಆಚೆ ಹೋದ್ರೆ ಎಂತ ಆಗ್ತದೆ ಮಾರಾಯ್ತಿ?" ಎಂದರು ಮುಂಡಪ್ಪ.

"ಎರಡು ತಿಂಗಳು ಆಚೆ ಹಾಕಿದ್ದು ನೀವು. ಇನ್ನೆರಡು ದಿನ ನನ್ನ ಹತ್ತಿರ ಇಲ್ಲ."

ಅದೇ ಹೊತ್ತಿಗೆ ಉಜ್ವಲ್ ಬಂದ. ನಿಖಿತಾ ಫೋನಿನಲ್ಲಿ ಅತ್ತು ಎಲ್ಲವನ್ನೂ ಹೇಳಿದ್ದಳು. ಅವನು ಬೆಳ್ತಂಗಡಿಯಿಂದ ಬೈಕಿನಲ್ಲೇ ಬಂದಿದ್ದ. ಮಾತು ಕಡಿಮೆಯ ಹುಡುಗ. ನಿಂತುಕೊಂಡೇ ಮುಂಡಪ್ಪರಿಗೆ ಹೇಳಿದ: "ಕ್ಯಾನ್ಸರ್ ಅಂತ ನಮಗೆ ಮೊದಲೇ ಗೊತ್ತಿತ್ತು. ಇವರು ಮಲಗಿದ್ದ ವಾರ್ಡಿನಲ್ಲೇ ನಮ್ಮ ಚಿಕ್ಕಮ್ಮನೂ ಇದ್ದದ್ದು. ನೀವು ಗಂಟು ಅಂದ್ರಿ. ನಿಮಗೆ ನಾಚಿಕೆ ಆಗ್ತದೋ ಏನೋ ಅಂತ ಅಮ್ಮ ಹೂಂ ಅಂದ್ರು."

ಮುಂಡಪ್ಪ ಶೆಟ್ಟರು ಕುಡಿಯಲು ನೀರು ಕೇಳಿದರು. ಯಾರೂ ಏಳಲಿಲ್ಲ, ಕೊನೆಗೆ ಜಲಜಾಕ್ಷಿಯೇ ತಂದುಕೊಟ್ಟು ಮತ್ತೆ ಹುರುಳಿಗೆ ಕೂತಳು.

ಮದುವೆಯನ್ನು ಮುಂದೆ ಹಾಕುವ ಎಂದ ಉಜ್ವಲ್. ಹಾಲ್‌ನವರಿಗೆ ಫೋನು ಮಾಡಿದರು. ಮದುವೆಗೆ ಆಗದ ಆಟಿ ತಿಂಗಳು ಕಳೆಯುವವರೆಗೆ ಒಂದು ಮುಹೂರ್ತದ ದಿನವೂ ಖಾಲಿ ಇರಲಿಲ್ಲ. ಮದುವೆಯ ಕಾಗದ ಹಂಚಿ ಆಗಿತ್ತು. ನಿಖಿತಾ ತಾಯಿಯ ಪಕ್ಕ ಬಂದು ಕೂತು, ಎಂತ ಮಾಡುವ ಅಮ್ಮ ಎಂದು ಕೇಳಿದಳು.

"ನನ್ನ ವಿಷಯ ನನ್ನನ್ನು ಕೇಳದೆ ನೀವೇ ತೀರ್ಮಾನ ಮಾಡಿದಿರಿ," ಎಂದಳು ಜಲಜಾಕ್ಷಿ, ಕಲ್ಲೊಂದನ್ನು ಆರಿಸಿ ಆಚೆ ಹಾಕುತ್ತ. "ನಿನ್ನದು ನೀನು ಮಾಡು."

ನಿಖಿತಾ ತಾಯಿಯ ಜೊತೆ ಒಂದಿಷ್ಟು ಹುರುಳಿ ಆರಿಸಿದಳು. ಆಮೇಲೆ ಒಳಗೆ ಹೋಗಿ, ಮದುವೆ ಅದೇ ದಿನ ಆಗಲಿ, ಅಮ್ಮ ಬೇಡ ಅನ್ನಲಿಲ್ಲ ಎಂದು ತಂದೆಗೆ ಹೇಳಿದಳು. ಮನೆಯವರೆಲ್ಲ ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡರು. ಹಾಗೆ ತಿಳಿಯುವುದು ಅವರಿಗೆ ಅಷ್ಟರಲ್ಲಿ ರೂಢಿಯಾಗಿತ್ತು.

ಆಸ್ಪತ್ರೆಗೆ ಜೊತೆಯಾಗಿ ಹೊರಟವರು ಮುತ್ತಕ್ಕ. ಮದುವೆ ಊಟ ಬೇಕಾದಷ್ಟು ಉಂಡಾಗಿದೆ ನನಗೆ ಎಂದು ಮಗನಿಗೆ ಹೇಳಿ ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿದರು. ಜವಾಬ್ದಾರರು ಯಾರು ಎಂದಾಗ ಮುಂದೆ ಬಂದು ದೊಡ್ಡ ಅಕ್ಷರದ ಸಹಿ ಹಾಕಿದರು. ಗುರುವಾರ ಬೆಳಿಗ್ಗೆ ತಲೆ ಬೋಳಿಸಿ ಮಲಗಿಸಿದ ಸೊಸೆಯ ಪಕ್ಕದಲ್ಲಿ ಕೂತು ಕ್ಯಾಂಟೀನಿನ ಗಂಜಿ ಉಂಡರು. ಎರಡನೆಯ ತುತ್ತಿಗೆ ಕೈ ತಡೆದು ಸೊಸೆಯ ಮುಖ ನೋಡಿದರು.

"ಹೇಳಿ ಮಾಮಿ," ಎಂದಳು ಜಲಜಾಕ್ಷಿ.

"ಉಪ್ಪು ಕಮ್ಮಿ," ಎಂದರು ಮುತ್ತಕ್ಕ.

ಅಲ್ಲಿ ಮೂಡುಬಿದಿರೆಯ ಹಾಲ್‌ನಲ್ಲಿ ತಾಯಿಯ ಜಾಗದಲ್ಲಿ ಬಂಟ್ವಾಳದ ಅತ್ತಿಗೆ ನಿಂತರು. ಜಲಜಾಕ್ಷಿ ಎಲ್ಲಿ ಎಂದು ಕೇಳಿದವರಿಗೆಲ್ಲ ಜ್ವರ ಎಂದು ಮುಂಡಪ್ಪ ಶೆಟ್ಟರು ಹೇಳಿದರು. ಮುಹೂರ್ತಕ್ಕೆ ಸರಿಯಾಗಿ ಧಾರೆ ಆಯಿತು. ಮಧ್ಯಾಹ್ನದ ಹೊತ್ತಿಗೆ ಮಂಗಳೂರಿನಲ್ಲಿ ಗಡ್ಡೆಯ ಮುಕ್ಕಾಲು ಭಾಗವನ್ನು ತೆಗೆದರು. ಉಳಿದದ್ದನ್ನು ತೆಗೆಯಲು ಆಗಲಿಲ್ಲ. ಅದರ ಮೆಸೇಜು ಈಗ ಶುಕ್ರವಾರಗಳಂದು ಜಲಜಾಕ್ಷಿಯ ಮೊಬೈಲಿಗೇ ಬರುತ್ತದೆ.